ಪಾಳು ಕಟ್ಟಡದಲ್ಲಿ ರಾತ್ರಿ ಲೈಟ್ ಹಾಕಿ ಫೋಟೋ ತೆಗೀತಿದ್ದೀರಿ, ಯಾರೋ ಬಂದರು. ಈಗೇನು ಮಾಡಬೇಕು?

ಮಂಡ್ಯ ಕಡೆ ನಿಂತುಹೋದ ಆಲೆಮನೆ, ಹಳೇ ರೈಸ್ ಮಿಲ್, ಸೂರು ಬಿದ್ದ ತೊಟ್ಟಿಮನೆ, ಇವೆಲ್ಲ ಹುಣ್ಣಿಮೆ ರಾತ್ರಿ ಎಷ್ಟು ಚೆನ್ನಾಗಿ ಕಾಣುತ್ತವೆ ಅಂತ ತೆಗೆದವರಿಗೇ ಗೊತ್ತು. ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು, ಶಟರ್ ತೆರೆದು, ಟಾರ್ಚ್ ಹಿಡಿದು ಗೋಡೆಗೆ ನಿಧಾನವಾಗಿ ಬೆಳಕು ಬಳಿಯುತ್ತಾ ಹೋಗಬೇಕು. ಸೆಟ್ಟಿಂಗ್ ಹೇಳಿಕೊಡೋರು ಬಹಳ ಜನ ಇದ್ದಾರೆ. ಆದರೆ ನಡುವೆ ಕತ್ತಲಿಂದ "ಯಾರ್ಲಾ ಅದು?" ಅಂತ ಕೂಗು ಬಂದರೆ ಏನು ಮಾಡಬೇಕು ಅಂತ ಹೇಳೋರು ಕಮ್ಮಿ.

ಮೊದಲು ಒಂದು ವಿಷಯ ಒಪ್ಪಿಕೊಳ್ಳಿ. ಇದು ಬೆಳಕಿನ ಕೆಲಸ, ಕದ್ದು ಮಾಡೋಕೆ ಆಗಲ್ಲ. ಬಯಲಲ್ಲಿ ಒಂದು ಫ್ಲ್ಯಾಶ್ ಹೊಡೆದರೆ ಅಕ್ಕಪಕ್ಕದ ಊರಿಗೂ ಕಾಣುತ್ತೆ. ಅದರಲ್ಲೂ ನಮ್ಮ ಕಡೆ ಗದ್ದೆ ಬಯಲು ರಾತ್ರಿ ಖಾಲಿ ಇರೋದಿಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ರೈತರು ಪಂಪ್‌ಸೆಟ್ ಹಾಕೋಕೆ ಆ ಹೊತ್ತಲ್ಲೇ ಬರುತ್ತಾರೆ. ನಿಮ್ಮನ್ನು ಯಾರಾದರೂ ನೋಡೇ ನೋಡುತ್ತಾರೆ ಅಂತ ಇಟ್ಟುಕೊಂಡೇ ಹೊರಡಿ.

ನೋಡಿದವರಿಗೆ ಏನನ್ನಿಸುತ್ತೆ ಅನ್ನೋದು ಇಲ್ಲಿ ಮುಖ್ಯ. ಫೋಟೋ ತೆಗೀತಿದ್ದಾರೆ ಅಂತ ಯಾರಿಗೂ ಹೊಳೆಯಲ್ಲ. ಪಾಳು ಮಂಟಪದಲ್ಲಿ ಬೆಳಕು ಓಡಾಡಿದರೆ ನಿಧಿ ಅಗೆಯೋರು ಅಂದುಕೊಳ್ಳುತ್ತಾರೆ. ಗದ್ದೆ ಪಕ್ಕ ಆದರೆ ಕೇಬಲ್ ಕದಿಯೋರು, ಮೋಟರ್ ಬಿಚ್ಚೋರು. ಅಮಾವಾಸ್ಯೆ ದಿನ ಕೆಂಪು ಲೈಟ್ ಹಾಕಿದರಂತೂ ಮಾಟ ಮಾಡಿಸ್ತಾ ಇದ್ದಾರೆ ಅಂತಲೇ. ಇದರಲ್ಲಿ ಯಾವುದೂ ಬರೀ ಮೂಢನಂಬಿಕೆ ಅಲ್ಲ. ನಿಧಿ ಆಸೆಗೆ ಹಳೇ ಗುಡಿಗಳನ್ನು ಅಗೆದವರು ಇದ್ದಾರೆ, ಕೇಬಲ್ ಕಳೆದುಕೊಂಡ ರೈತರು ಊರೂರಲ್ಲೂ ಇದ್ದಾರೆ. 2018ರಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹರಡಿದ ಸುಳ್ಳನ್ನು ನಂಬಿ ಬೀದರ್ ಜಿಲ್ಲೆಯಲ್ಲಿ ಜನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಹೊಡೆದು ಕೊಂದರು. ಅನುಮಾನ ಫೋನಿನಲ್ಲಿ ಎಷ್ಟು ಬೇಗ ಓಡುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹಾಗಾಗಿ ಅರ್ಧ ಕೆಲಸ ಹಗಲಲ್ಲೇ ಆಗಬೇಕು. ಜಾಗ ಯಾರದು ಅಂತ ಪಕ್ಕದ ಟೀ ಅಂಗಡಿಯಲ್ಲಿ ಕೇಳಿ, ಗೊತ್ತಾಗುತ್ತೆ. ಯಜಮಾನರ ಹತ್ತಿರ ಹೋಗಿ, ನೀವು ಹಿಂದೆ ತೆಗೆದ ಫೋಟೋಗಳನ್ನು ಮೊಬೈಲಲ್ಲಿ ತೋರಿಸಿ, ರಾತ್ರಿ ಎಷ್ಟು ಹೊತ್ತಿಗೆ ಬರ್ತೀರಿ, ಎಷ್ಟು ಜನ, ಯಾವ ಗಾಡಿ ಅಂತ ಹೇಳಿ ಒಪ್ಪಿಗೆ ಕೇಳಿ. ಅವರ ನಂಬರ್ ತಗೊಳ್ಳಿ. ಪಕ್ಕದ ಗದ್ದೆಯವರಿಗೂ ಒಂದು ಮಾತು ಹಾಕಿ. ಪೊಲೀಸ್ ಸ್ಟೇಷನ್‌ಗೂ ಒಂದು ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡರೆ ರಾತ್ರಿ ಬೀಟ್‌ನವರು ಬಂದಾಗ ತೋರಿಸೋಕೆ ಒಂದು ಕಾಗದ ಇರುತ್ತೆ. ಯಜಮಾನರು ಬೇಡ ಅಂದರೆ ಆ ಜಾಗ ಬಿಡಿ. ಹಾರೆ, ಗುದ್ದಲಿ, ದೊಡ್ಡ ಸ್ಪ್ಯಾನರ್ ಇಂಥದ್ದು ಗಾಡಿಯಲ್ಲೂ ಇರಬಾರದು.

ಕೆಲವು ಜಾಗ ಕೇಳೋಕೂ ಹೋಗಬೇಡಿ. ಶ್ರೀರಂಗಪಟ್ಟಣದ ಕೋಟೆ ಗೋಡೆ, ಕರ್ನಲ್ ಬೈಲಿ ಬಂದೀಖಾನೆ ಇವೆಲ್ಲ ಎಎಸ್‌ಐ, ಅಂದರೆ ಕೇಂದ್ರದ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ, ಕತ್ತಲಾದ ಮೇಲೆ ಅಲ್ಲಿ ನಮಗೆ ಕೆಲಸ ಇಲ್ಲ. ಕೆಆರ್‌ಎಸ್ ಅಣೆಕಟ್ಟು, ಮೈಸೂರಿನ ನೋಟು ಮುದ್ರಣಾಲಯ, ಇವುಗಳ ಸುತ್ತಮುತ್ತ ರಾತ್ರಿ ಲೈಟ್ ಹಿಡಿದು ನಿಂತರೆ ಯಾವ ವಿವರಣೆಯೂ ಸಾಲದು.

ಈಗ ಆ ಗಳಿಗೆಗೆ ಬರೋಣ. ಹುಣ್ಣಿಮೆ ಬೆಳಕಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 400, ಲೆನ್ಸ್ ಕಿಂಡಿ ಎಫ್ 8 ಇಟ್ಟರೆ ಒಂದೂವರೆ, ಎರಡು ನಿಮಿಷ ಶಟರ್ ತೆರೆದಿರುತ್ತೆ. ಅಷ್ಟರಲ್ಲಿ ದೂರದಲ್ಲಿ ಒಂದು ಟಾರ್ಚ್ ನಿಮ್ಮ ಕಡೆ ತಿರುಗಿತು ಅಂದುಕೊಳ್ಳಿ. ಓಡಬೇಡಿ. ಲೈಟ್ ಆರಿಸಬೇಡಿ. ಈ ಎರಡೂ ಕಳ್ಳರು ಮಾಡುವ ಕೆಲಸ. ನಿಮ್ಮ ಟಾರ್ಚನ್ನು ಅವರ ಮುಖಕ್ಕೂ ಬಿಡಬೇಡಿ. ಅದನ್ನು ನಿಮ್ಮ ಎದೆ ಕಡೆ ತಿರುಗಿಸಿ, ನಿಮ್ಮ ಮುಖ, ಎರಡು ಕೈ ಅವರಿಗೆ ಕಾಣಲಿ. ಅವರು ಕೇಳುವ ಮೊದಲೇ ನೀವೇ ಜೋರಾಗಿ ಮಾತಾಡಿ: "ಅಣ್ಣಾ, ಇಲ್ಲೇ ಇದ್ದೀವಿ, ಫೋಟೋ ತೆಗೀತಿದ್ದೀವಿ, ಇಬ್ಬರೇ ಇರೋದು." ವಯಸ್ಸಾದವರಾದರೆ "ಯಜಮಾನ್ರೇ" ಅನ್ನಿ. ಹೆಂಗಸರಾದರೆ "ಅಕ್ಕ" ಇಲ್ಲ "ಅಮ್ಮ". ಎಷ್ಟು ಜನ ಇದ್ದೀರಿ ಅಂತ ನಿಜ ಹೇಳೋದು ಬಹಳ ಮುಖ್ಯ. ಒಳಗಿಂದ ಆಮೇಲೆ ಇನ್ನೊಬ್ಬ ಬಂದರೆ ನೀವು ಹೇಳಿದ್ದೆಲ್ಲ ಸುಳ್ಳಾಗುತ್ತೆ.

ಇನ್ನೊಂದು. "ಸ್ವಲ್ಪ ಟಾರ್ಚ್ ಆಫ್ ಮಾಡಿ, ಫೋಟೋ ಹಾಳಾಗುತ್ತೆ" ಅಂತ ಮಾತ್ರ ಹೇಳಬೇಡಿ. ಕತ್ತಲಲ್ಲಿ ಗೊತ್ತಿಲ್ಲದವರನ್ನು ಕಂಡು ಮೊದಲೇ ಹೆದರಿದವರಿಗೆ ಬೆಳಕು ಆರಿಸಿ ಅನ್ನೋದಕ್ಕಿಂತ ಕೆಟ್ಟ ಮಾತು ಬೇರೆ ಇಲ್ಲ. ಅವರ ಟಾರ್ಚ್ ಲೆನ್ಸ್‌ಗೆ ಬಿದ್ದು ಗೆರೆ ಎಳೆದರೆ ಆ ಫೋಟೋ ಹೋಯಿತು, ಬಿಡಿ. ಮತ್ತೆ ತೆಗೀಬಹುದು.

ಹತ್ತಿರ ಬಂದ ಮೇಲೆ ಟ್ರೈಪಾಡ್ ಬ್ಯಾಗನ್ನು ಅವರು ಕೇಳುವ ಮೊದಲೇ ಬಿಚ್ಚಿ ತೋರಿಸಿ. ಉದ್ದದ ಕಪ್ಪು ಚೀಲ ಕತ್ತಲಲ್ಲಿ ಬಂದೂಕಿನ ಹಾಗೆ ಕಾಣುತ್ತೆ. ಹಗಲು ಮಾತಾಡಿದ ಯಜಮಾನರ ಹೆಸರು ಹೇಳಿ, ಬೇಕಾದರೆ ಆಗಲೇ ಫೋನ್ ಹಚ್ಚಿ ಕೊಡಿ. ಆಮೇಲೆ ಕ್ಯಾಮೆರಾ ಪರದೆಯಲ್ಲಿ ಫೋಟೋ ತೋರಿಸಿ. ಮಾತಿಗಿಂತ ಜಾಸ್ತಿ ಕೆಲಸ ಮಾಡೋದು ಅದೇ. ತಾವು ದಿನಾ ನೋಡುವ ಪಾಳು ಗೋಡೆ ಹೀಗೂ ಕಾಣುತ್ತಾ ಅಂತ ಅವರೇ ಬಗ್ಗಿ ನೋಡುತ್ತಾರೆ, ಅಲ್ಲಿ ಬೆಲ್ಲ ಕಾಯಿಸುತ್ತಿದ್ದ ಕಾಲದ ಕಥೆ ಶುರುವಾಗುತ್ತೆ. ಇಷ್ಟ ಇದ್ದರೆ ಅವರ ಕೈಗೇ ಒಂದು ಟಾರ್ಚ್ ಕೊಟ್ಟು, ಮುಂದಿನ ಫೋಟೋಗೆ ಗೋಡೆ ಬೆಳಗಿಸೋಕೆ ಹೇಳಿ. ನಿಜವಾಗಿ ಚೆನ್ನಾಗಿ ಮಾಡುತ್ತಾರೆ.

ವಾಚ್‌ಮನ್ ಬಂದರೆ ಲೆಕ್ಕ ಸ್ವಲ್ಪ ಬೇರೆ. ಅವರಿಗೆ ನಿಮ್ಮ ಮೇಲೆ ಸಿಟ್ಟಿಗಿಂತ ಕೆಲಸ ಹೋಗುವ ಭಯ ಜಾಸ್ತಿ. ಅದು ಸುಮ್ನೆ ಭಯ ಅಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಹಗಲು ಹೊತ್ತಲ್ಲೇ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಗಾರೆ ಗೋಡೆ ಮಳೆನೀರು ಕುಡಿದರೆ ಹೀಗೇ ಆಗೋದು. ನೀವು ಒಳಗೆ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರು ಅವರು. ಅದಕ್ಕೆ ವಾದ ಬೇಡ, ದುಡ್ಡಿನ ಮಾತಂತೂ ಬೇಡವೇ ಬೇಡ. ಹೋಗಿ ಅಂದರೆ ಹೊರಡಿ. ಫೋಟೋ ಅಳಿಸಿ ಅಂದರೆ ಅವರ ಎದುರೇ ಅಳಿಸಿ.

ಪೊಲೀಸರು ಬಂದರೆ ಗುರುತಿನ ಚೀಟಿ, ಅರ್ಜಿಯ ಪ್ರತಿ ಎರಡನ್ನೂ ಕೊಡಿ, ಕೇಳಿದ್ದಕ್ಕೆ ಚಿಕ್ಕದಾಗಿ ಉತ್ತರ ಹೇಳಿ. ಕ್ಯಾಮೆರಾ ವಶಕ್ಕೆ ತಗೊಂಡರೆ "ಸಾರ್, ಒಂದು ಬರಹ ಕೊಡಿ" ಅಂತ ಮರ್ಯಾದೆಯಿಂದ ಕೇಳಿ. ಕಾನೂನು ಗೊತ್ತಿರಲಿ: ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ ಅಪರಾಧದ ಉದ್ದೇಶದ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಸದ ಮನೆ, ಗುಡಿ, ಸಾಮಾನು ಇಟ್ಟ ಗೋಡೌನ್ ಆದರೆ ಜೈಲು ಒಂದು ವರ್ಷದವರೆಗೆ. ಕೆಟ್ಟ ಉದ್ದೇಶ ಇಲ್ಲ ಅನ್ನೋದು ನಿಮಗೆ ಗೊತ್ತು, ಆದರೆ ಹೊರಡಿ ಅಂದ ಮೇಲೂ ಅಲ್ಲೇ ನಿಂತು ವಾದ ಮಾಡಿದರೆ ಅದನ್ನು ನಂಬಿಸೋದು ಕಷ್ಟ.

ಗುಂಪು ಕಟ್ಟಿ ಬಂದು, ಮಾತು ಕೇಳುವ ಸ್ಥಿತಿಯಲ್ಲಿ ಇಲ್ಲ ಅನ್ನಿಸಿದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ, ಯಜಮಾನರಿಗೂ ಮಾಡಿ. ಸಾಮಾನು ಅಲ್ಲೇ ಇರಲಿ. ಕಬ್ಬಿನ ಗದ್ದೆಗೆ ಮಾತ್ರ ನುಗ್ಗಬೇಡಿ. ಚಿರತೆ, ಕೊಳಕುಮಂಡಲ ಎರಡೂ ಇರುವ ಜಾಗ ಅದು.

ಎಲ್ಲ ಸರಿಯಾಗಿ ಮುಗಿದರೆ ಹೊರಟ ಮೇಲೆ ಯಜಮಾನರಿಗೆ "ಹೊರಟ್ವಿ" ಅಂತ ಮೆಸೇಜ್ ಹಾಕಿ, ಇಲ್ಲದಿದ್ದರೆ ಅವರು ಕಾಯುತ್ತಾ ಎದ್ದೇ ಇರುತ್ತಾರೆ. ಫೋಟೋ ಹಾಕುವಾಗ ಊರಿನ ಹೆಸರು, ಮ್ಯಾಪ್ ಲಿಂಕ್ ಹಾಕಬೇಡಿ. ಅದನ್ನು ನೋಡಿ ಗುಜರಿಗೆ ಕಬ್ಬಿಣ ಬಿಚ್ಚೋರು ಬಂದರೆ, ಮುಂದಿನ ಸಲ ಆ ಊರಲ್ಲಿ ಯಾವ ಫೋಟೋಗ್ರಾಫರ್ ಮಾತನ್ನೂ ಯಾರೂ ನಂಬಲ್ಲ.