ಉರಿಮೂತ್ರ ಶುರುವಾದ್ರೆ ಮಾತ್ರೆ ನುಂಗೋಕೆ ಮುಂಚೆ ಇದನ್ನ ಓದಿ

ಮೂತ್ರ ಮಾಡುವಾಗ ಉರಿ, ಈಗ ತಾನೆ ಹೋಗಿ ಬಂದ್ರೂ ಮತ್ತೆ ಹೋಗ್ಬೇಕು ಅನ್ಸೋದು, ಓಡಿ ಹೋದ್ರೆ ನಾಲ್ಕೇ ಹನಿ, ಕಿಬ್ಬೊಟ್ಟೇಲಿ ಹಿಡ್ಕೊಂಡ ಹಾಗೆ ನೋವು, ಇದಿಷ್ಟೂ ಒಟ್ಟಿಗೆ ಇದ್ರೆ ಬಹುತೇಕ ಯೂರಿನ್ ಇನ್ಫೆಕ್ಷನ್ನೇ. ಮೂತ್ರ ಕದಡಿದ ಹಾಗೆ ಕಾಣ್ಬಹುದು, ಒಂದೊಂದ್ಸಲ ರಕ್ತಾನೂ ಬರುತ್ತೆ.

ಇದು ಕೊಳಕುತನದಿಂದ ಬರೋ ಕಾಯಿಲೆ ಅಂತ ನಾಚ್ಕೊಂಡು ಮುಚ್ಚಿಡ್ಬೇಡಿ ದಯವಿಟ್ಟು. ನಮ್ಮ ಕರುಳಲ್ಲೇ ಇರೋ ಇ ಕೋಲಿ ಅನ್ನೋ ಬ್ಯಾಕ್ಟೀರಿಯಾ ಮೂತ್ರದ ದಾರಿ ಹಿಡಿದು ಮೇಲೆ ಹತ್ತೋದ್ರಿಂದಾನೇ ಹೆಚ್ಚಿನವು ಆಗೋದು, ಹೆಂಗಸರಲ್ಲಿ ಆ ದಾರಿ ಸುಮಾರು 4 ಸೆಂಟಿಮೀಟರ್ ಅಷ್ಟೇ, ಗಂಡಸರಲ್ಲಿ ಸುಮಾರು 20, ಅದಕ್ಕೇ ಹೆಂಗಸರಿಗೆ ಜಾಸ್ತಿ. ಸಂಭೋಗ, ಮುಟ್ಟು ನಿಂತ ಮೇಲಿನ ಬದಲಾವಣೆ, ಶುಗರ್, ಕಿಡ್ನಿ ಸ್ಟೋನ್, ಕ್ಯಾತಿಟರ್ (ಮೂತ್ರ ಹೊರಗೆ ಬರೋಕೆ ಇಡೋ ನಳಿಕೆ) ಹಾಕಿರೋದು, ಇವೆಲ್ಲ ಅಪಾಯ ಹೆಚ್ಚಿಸ್ತವೆ.

ನಾನು ಮಾಡಿದ ತಪ್ಪು ಹೇಳ್ತೀನಿ. ಹಳೇ ಸ್ಟ್ರಿಪ್‌ನಲ್ಲಿ ಉಳಿದಿದ್ದ ಮೂರು ಆಂಟಿಬಯಾಟಿಕ್ ನುಂಗಿದೆ, ಉರಿ ಕಮ್ಮಿ ಆಯ್ತು, ವಾರದೊಳಗೆ ಮತ್ತೆ ಬಂತು, ಆಮೇಲೆ ಮತ್ತೊಂದು ಮಾತ್ರೆ ನುಂಗಿ, ಮೂತ್ರದಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋ ಟೆಸ್ಟ್ ಆದ ಕಲ್ಚರ್‌ಗೆ ಕೊಟ್ರೆ ರಿಪೋರ್ಟಲ್ಲಿ ಏನೂ ಬೆಳೆದಿರ್ಲಿಲ್ಲ. ಒಂದು ಡೋಸ್ ಹೋದ್ರೂ ಬ್ಯಾಕ್ಟೀರಿಯಾ ಲ್ಯಾಬಲ್ಲಿ ಬೆಳೀದೇ ಇರ್ಬಹುದು, ಆಗ ಯಾವ ಔಷಧಿ ಕೆಲ್ಸ ಮಾಡುತ್ತೆ ಅಂತ ಗೊತ್ತಾಗೋ ದಾರೀನೇ ಮುಚ್ಚಿಹೋಗುತ್ತೆ. ಅದಕ್ಕೇ ಮೊದ್ಲು ಸ್ಯಾಂಪಲ್, ಆಮೇಲೆ ಮಾತ್ರೆ.

ಸ್ಯಾಂಪಲ್ ಕೊಡೋದನ್ನ ಯಾರೂ ಸರಿಯಾಗಿ ಹೇಳ್ಕೊಡಲ್ಲ. ಕೈ ತೊಳ್ಕೊಂಡು, ಆ ಜಾಗ ನೀರಲ್ಲಿ ತೊಳೆದು, ಡಬ್ಬಿ ಮುಚ್ಚಳ ತೆಗೆದು ಒಳಭಾಗ ಮೇಲೆ ಬರೋ ಹಾಗಿಡಿ, ಒಳಗೆ ಬೆರಳು ತಾಗಿಸ್ಬೇಡಿ. ಮೊದ್ಲು ಬರೋ ಸ್ವಲ್ಪ ಮೂತ್ರ ಹೊರಗೆ ಬಿಟ್ಟು, ನಿಲ್ಲಿಸ್ದೆ ಮಧ್ಯದ್ದನ್ನ ಮಾತ್ರ ಡಬ್ಬೀಲಿ ಹಿಡೀರಿ, ಕೊನೇದು ಮತ್ತೆ ಹೊರಗೆ. ಬೇಗ ಲ್ಯಾಬಿಗೆ ತಲುಪ್ಸಿ, ತಡ ಆದ್ರೆ ಫ್ರಿಜ್‌ನಲ್ಲಿಡಿ, ಇಲ್ದಿದ್ರೆ ಡಬ್ಬೀಲೇ ಬ್ಯಾಕ್ಟೀರಿಯಾ ಬೆಳೆದು ರಿಪೋರ್ಟ್ ಕೆಡುತ್ತೆ. ಕಲ್ಚರ್‌ಗೆ ಎರಡು ಮೂರು ದಿನ ಹಿಡಿಯುತ್ತೆ, ಅಲ್ಲೀವರೆಗೆ ನೋವು ತಿನ್ಕೊಂಡು ಕೂರ್ಬೇಕಿಲ್ಲ, ಸ್ಯಾಂಪಲ್ ಕೊಟ್ಟ ತಕ್ಷಣ ಡಾಕ್ಟರ್ ಮಾತ್ರೆ ಶುರು ಮಾಡಿಸ್ತಾರೆ, ರಿಪೋರ್ಟ್ ಬಂದ್ಮೇಲೆ ಬೇಕಾದ್ರೆ ಬದಲಾಯಿಸ್ತಾರೆ.

ಮೂತ್ರಕೋಶದ ಸಾದಾ ಇನ್ಫೆಕ್ಷನ್‌ಗೆ ಸಾಮಾನ್ಯವಾಗಿ ನೈಟ್ರೋಫುರಾಂಟೊಯಿನ್ 5 ದಿನ, ಇಲ್ಲಾ ಫಾಸ್ಫೊಮೈಸಿನ್ 3 ಗ್ರಾಂ ಪುಡಿ ಒಂದೇ ಸಲ ಕೊಡ್ತಾರೆ. ಮೊದಲನೇದ್ರಲ್ಲಿ ಮೂತ್ರ ಕಂದು ಬಣ್ಣಕ್ಕೆ ತಿರುಗ್ಬಹುದು, ಗಾಬರಿ ಬೇಡ. ಎರಡನೇ ದಿನಕ್ಕೇ ಆರಾಮ ಅನ್ಸಿದ್ರೂ ಕೋರ್ಸ್ ಅರ್ಧಕ್ಕೆ ಬಿಡ್ಬೇಡಿ. ಕ್ರ್ಯಾನ್‌ಬೆರಿ ಜ್ಯೂಸ್ ಬಂದಿರೋ ಇನ್ಫೆಕ್ಷನ್ನ ವಾಸಿ ಮಾಡಲ್ಲ.

ಚಳಿ ಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಕಡೆ ನೋವು, ವಾಂತಿ ಇದ್ರೆ ಕಿಡ್ನಿಗೆ ಹೋಗಿರೋ ಸಾಧ್ಯತೆ ಇದೆ, ಅವತ್ತೇ ಆಸ್ಪತ್ರೆಗೆ ಹೋಗಿ. ಬಸುರಿಯರು, ಗಂಡಸರು, ಶುಗರ್ ಇರೋರು ಉರಿ ಅಷ್ಟೇ ಇದ್ರೂ ಕಾಯ್ಬೇಡಿ. ಪುಟ್ಟ ಮಕ್ಕಳಲ್ಲಿ ಬರೀ ಜ್ವರ ಒಂದೇ ಕಾಣ್ಬಹುದು, ಉರಿ ಅಂತ ಹೇಳೋಕೆ ಅವಕ್ಕೆ ಬರಲ್ವಲ್ಲ.

ಮತ್ತೆ ಬರ್ದೇ ಇರೋಕೆ ನೀರು ಚೆನ್ನಾಗಿ ಕುಡೀರಿ, ಮೂತ್ರ ಕಟ್ಕೊಂಡು ಕೂರ್ಬೇಡಿ, ಸಂಭೋಗ ಆದ್ಮೇಲೆ ಮೂತ್ರ ಮಾಡಿ, ಮುಂದಿನಿಂದ ಹಿಂದಕ್ಕೆ ತೊಳ್ಕೊಳ್ಳಿ. ಆರು ತಿಂಗಳಲ್ಲಿ ಎರಡು ಸಲ ಬಂದ್ರೆ ಹಳೇ ಕಲ್ಚರ್ ರಿಪೋರ್ಟೆಲ್ಲ ಜೋಡಿಸ್ಕೊಂಡು ಡಾಕ್ಟರ್ ಹತ್ರ ಹೋಗಿ, ಯಾಕೆ ಮರುಕಳಿಸ್ತಿದೆ ಅಂತ ಹುಡುಕೋಕೆ ಅವೇ ಬೇಕಾಗೋದು.