ಪೈಥಾನ್ ಡಿಕ್ಷನರಿಯಿಂದ ನಮೂದು ಅಳಿಸುವುದು ಹೇಗೆ?

ತರಕಾರಿ ಅಂಗಡಿಯ ಲೆಕ್ಕವನ್ನು ‘ದಾಸ್ತಾನು’ ಎಂಬ ಡಿಕ್ಷನರಿಯಲ್ಲಿ, ಅಂದರೆ ಕೀ ಮತ್ತು ಮೌಲ್ಯಗಳ ಜೋಡಿಗಳ ಸಂಗ್ರಹದಲ್ಲಿ, ಇಟ್ಟಿದ್ದೀರಿ ಎಂದುಕೊಳ್ಳಿ. ಟೊಮೆಟೊ 40 ಕಿಲೊ, ಬೀನ್ಸ್ 12, ಬದನೆ 0, ಹೀರೆ 0. ತರಕಾರಿಯ ಹೆಸರು ಕೀ, ತೂಕ ಅದರ ಮೌಲ್ಯ. (ಇಂಥ ಹೆಸರುಗಳನ್ನು ಕನ್ನಡದಲ್ಲೇ ಬರೆದರೂ ಪೈಥಾನ್ 3 ಒಪ್ಪುತ್ತದೆ, ಆದೇಶಗಳು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಬೇಕು; ಅವು ಕೆಳಗೆ ಆವರಣದಲ್ಲಿವೆ.)

ಅಳಿಸುವ ಮುನ್ನ ಒಂದು ವಿಷಯ ನಿರ್ಧರಿಸಿ: ಆ ಕೀ ಅಲ್ಲಿ ಇರಲೇಬೇಕೋ, ಇಲ್ಲದಿದ್ದರೂ ನಡೆಯುತ್ತದೋ? ಇರಲೇಬೇಕು ಎಂದಾದರೆ ‘ಡೆಲ್ ದಾಸ್ತಾನು["ಬೀನ್ಸ್"]’ (del) ಎಂದು ಬರೆಯಿರಿ. ಕೀ ಸಿಗದಿದ್ದರೆ ಕೀಎರರ್ ಎಂಬ ದೋಷ ಬರುತ್ತದೆ. ಬರಲಿ, ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಅಲ್ಲೇ ಗೊತ್ತಾಗುತ್ತದೆ. ಇಲ್ಲದಿದ್ದರೂ ಪರವಾಗಿಲ್ಲ ಎಂದಾದರೆ ‘ದಾಸ್ತಾನು.ಪಾಪ್("ಬೀನ್ಸ್", ನನ್)’ (pop; ನನ್ ಎಂದರೆ None, ‘ಏನೂ ಇಲ್ಲ’) ಸಾಕು. ಅಳಿಸಿದ ಮೌಲ್ಯವನ್ನೂ ಅದು ಕೈಗೆ ಕೊಡುತ್ತದೆ. ಆ ‘ನನ್’ ಬಿಟ್ಟರೆ ಪಾಪ್ ಕೂಡ ಕೀಎರರ್ ಕೊಡುತ್ತದೆ. ದೋಷ ಬಾರದಿರಲಿ ಎಂದು ಎಲ್ಲ ಕಡೆ ‘ನನ್’ ಸೇರಿಸುವ ಅಭ್ಯಾಸ ಮಾತ್ರ ಬೇಡ. ನಿಜವಾದ ತಪ್ಪುಗಳು ಅದರಡಿ ಅಡಗಿ ಕೂರುತ್ತವೆ.

ಕೊನೆಗೆ ಸೇರಿಸಿದ ನಮೂದನ್ನು ತೆಗೆಯಲು ‘ಪಾಪ್‌ಐಟಮ್’ (popitem) ಇದೆ, ಪೈಥಾನ್ 3.7ರಿಂದ ಈ ಕ್ರಮ ಖಚಿತ. ಎಲ್ಲವನ್ನೂ ಬರಿದು ಮಾಡಲು ‘ಕ್ಲಿಯರ್’ (clear).

ಹೆಚ್ಚು ಜನ ಎಡವುವುದು, ನಮೂದುಗಳನ್ನು ಒಂದೊಂದಾಗಿ ನೋಡುತ್ತ ಹೋಗುವ ಲೂಪ್‌ನಲ್ಲಿ. ತೂಕ 0 ಇರುವ ನಮೂದುಗಳನ್ನೆಲ್ಲ ತೆಗೆಯಬೇಕು ಎಂದು ಡಿಕ್ಷನರಿಯ ಮೇಲೆಯೇ ಫಾರ್ (for) ಲೂಪ್ ಓಡಿಸಿ ಒಳಗೆ ‘ಡೆಲ್’ ಬರೆದರೆ, ಬದನೆ ಅಳಿದು ಮುಂದಿನ ಸುತ್ತಿಗೆ ಹೋಗುವಾಗಲೇ, ಲೂಪ್ ನಡುವೆ ಡಿಕ್ಷನರಿಯ ಗಾತ್ರ ಬದಲಾದದ್ದರಿಂದ, ರನ್‌ಟೈಮ್‌ಎರರ್. ಬದನೆ ಹೋಯಿತು, ಹೀರೆ ಉಳಿಯಿತು: ಕೆಲಸ ಅರ್ಧಕ್ಕೇ ನಿಂತಿತು. ಪೈಥಾನ್ 2ರಲ್ಲಿ ‘ಕೀಸ್’ (keys) ಎಂದು ಕರೆದರೆ ಕೀಗಳ ಪ್ರತ್ಯೇಕ ಪಟ್ಟಿಯೇ ಸಿಗುತ್ತಿದ್ದುದರಿಂದ ಅದರ ಮೇಲೆ ಲೂಪ್ ಓಡಿಸಿ ಅಳಿಸಬಹುದಿತ್ತು. ಪೈಥಾನ್ 3ರಲ್ಲಿ ಅದು ಮೂಲ ಡಿಕ್ಷನರಿಯನ್ನೇ ನೋಡುವ ಕಿಟಕಿ. ಹಾಗಾಗಿ ಹಳೆಯ ಕೋಡ್ ಇಲ್ಲಿ ಮುರಿಯುತ್ತದೆ.

ಪರಿಹಾರ ಸುಲಭ. ‘ಲಿಸ್ಟ್(ದಾಸ್ತಾನು)’ (list) ಎಂದು ಕೀಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡು, ಅದರ ಮೇಲೆ ಲೂಪ್ ಓಡಿಸಿ, ಡಿಕ್ಷನರಿಯಿಂದ ಅಳಿಸಿ. ಇಲ್ಲವೇ ಕಾಂಪ್ರಹೆನ್ಶನ್ (ಷರತ್ತಿನೊಂದಿಗೆ ಒಂದೇ ಸಾಲಿನಲ್ಲಿ ಹೊಸ ಸಂಗ್ರಹ ಕಟ್ಟುವ ಬರವಣಿಗೆ) ಬಳಸಿ, ತೂಕ 0ಗಿಂತ ಹೆಚ್ಚಿರುವ ನಮೂದುಗಳನ್ನಷ್ಟೇ ಆರಿಸಿ ಹೊಸ ಡಿಕ್ಷನರಿ ಕಟ್ಟಿ. ಓದಲು ಎರಡನೆಯದೇ ಚೆನ್ನ. ಆದರೆ ಅದು ಬೇರೆಯೇ ಡಿಕ್ಷನರಿ ಎಂಬುದು ನೆನಪಿರಲಿ: ಪ್ರೋಗ್ರಾಮಿನ ಇನ್ನೊಂದು ಭಾಗ ಹಳೆಯದನ್ನು ಹಿಡಿದುಕೊಂಡಿದ್ದರೆ, ಅಲ್ಲಿ ಬದನೆಯೂ ಹೀರೆಯೂ ಹಾಗೆಯೇ ಇರುತ್ತವೆ. ಅಂಥ ಕಡೆ ಲಿಸ್ಟ್ ದಾರಿಯನ್ನೇ ಹಿಡಿಯಿರಿ.