ಮೇಜಿನ ಮೇಲೆ ನಂದಿದುರ್ಗ ಕಟ್ಟುವ ಬಗೆ

1791ರ ಅಕ್ಟೋಬರ್‌ನಲ್ಲಿ ಇಂಗ್ಲಿಷರು ನಂದಿದುರ್ಗ ಹಿಡಿದ ಮುತ್ತಿಗೆ ಗೊಂಬೆ ಸೈನಿಕರ ಯುದ್ಧದಾಟಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಇಡೀ ಬೆಟ್ಟ ಕಟ್ಟಲು ಹೋಗಬೇಡಿ. ಬಯಲಿನಿಂದ ಅದು 500 ಮೀಟರಿಗೂ ಹೆಚ್ಚು ಎತ್ತರ, 15 ಮಿ.ಮೀ. ಗೊಂಬೆಗಳಿಗೆ ಒಪ್ಪುವ 1:100 ಅಳತೆಯಲ್ಲೂ 5 ಮೀಟರ್ ದಾಟುತ್ತದೆ. ಫಿರಂಗಿ ಒಡೆದ ಗೋಡೆ, ಅದರ ಕೆಳಗಿನ ಇಳಿಜಾರು ಇದ್ದರೆ ಸಾಕು.

25 ಮಿ.ಮೀ. ದಪ್ಪದ ಆರು ಥರ್ಮಾಕೋಲ್ ಹಾಳೆ ತನ್ನಿ. ಒಂದೊಂದನ್ನೂ ಕೆಳಗಿನದಕ್ಕಿಂತ 4 ಸೆಂ.ಮೀ. ಹಿಂದೆ ಸರಿಸಿ ಫೆವಿಕಾಲ್‌ನಿಂದ ಅಂಟಿಸಿ, ಭಾರ ಹೇರಿ ಎರಡು ದಿನ ಬಿಡಿ. ನಡುವೆ ಗಾಳಿಯಾಡದ್ದರಿಂದ ಅಂಟು ನಿಧಾನಕ್ಕೆ ಒಣಗುತ್ತದೆ. ಮೆಟ್ಟಿಲು ಕಿರಿದಾದರೆ ಗೊಂಬೆಗಳನ್ನು ಅಂಟಿಸಿ ನಿಲ್ಲಿಸುವ 3 ಸೆಂ.ಮೀ. ಬಿಲ್ಲೆ, ಅಂದರೆ ಬೇಸ್, ನಿಲ್ಲದು, ಗೊಂಬೆ ಉರುಳಿ ಬಣ್ಣ ಕಿತ್ತುಬರುತ್ತದೆ. ಸ್ಪ್ರೇ ಪೇಂಟ್ ನೇರವಾಗಿ ಹೊಡೆದರೆ ಥರ್ಮಾಕೋಲ್ ಕರಗಿ ಗುಳಿ ಬೀಳುತ್ತದೆ. ಫೆವಿಕಾಲ್, ನೀರು ಸಮಸಮ ಬೆರೆಸಿ ಎರಡು ಕೋಟ್ ಕೊಟ್ಟು, ಆಮೇಲೆ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲೇ ಹಚ್ಚಿ.

ನೆಲಕ್ಕೆ ಚಿಕ್ಕಬಳ್ಳಾಪುರದ ಕೆಮ್ಮಣ್ಣೇ ಸರಿ. ಆ ಬಣ್ಣ ಯಾವ ಡಬ್ಬಿಯಲ್ಲೂ ಸಿಗದು. ಹೊಲದ ಮೇಲ್ಮಣ್ಣು ಮಾತ್ರ ಬೇಡ, ಗೊಬ್ಬರದ ಚೂರಿಗೆ ಬೂಷ್ಟು ಹಿಡಿಯುತ್ತದೆ. ಒಂದಡಿ ಕೆಳಗಿನ ಮಣ್ಣನ್ನು ಹಳೇ ಬಾಣಲೆಯಲ್ಲಿ ಹತ್ತು ನಿಮಿಷ ಹುರಿದು, ಟೀ ಜಾಲರಿಯಲ್ಲಿ ಸೋಸಿ, ಹಸಿ ಫೆವಿಕಾಲ್ ಮೇಲೆ ಉದುರಿಸಿ.

ದಾಳಿ ನಡೆದದ್ದು ರಾತ್ರಿ, ಹಾಗಾಗಿ ಗುಂಡಿನ ದೂರ 20 ಸೆಂ.ಮೀ. ಮೀರದಿರಲಿ. ಕೋಟೆಯವರು ಬಂಡೆ ಉರುಳಿಸಿದ್ದನ್ನು ಮರೆಯಬೇಡಿ: ಪ್ರತಿ ಸರದಿಗೆ ಒಂದು ದಾಳ, 5 ಅಥವಾ 6 ಬಿದ್ದರೆ ಇಳಿಜಾರಿನ ಒಂದು ಬೇಸ್ ಹಿಂದಕ್ಕೆ.